ಹಾರ ಇರಲಿ ಎಂದೆ

೯ ಜನವರಿ, ಗುರುವಾರ

ಬೆಳಿಗ್ಗೆಯಿಂದ ಮೂರು ಅಫಿಡವಿಟ್, ಒಂದು ವಾಟ್ನಿ ದಾವೆ. ಚಿಕ್ಕೋಡಿ ಕೋರ್ಟಿನ ಮುಂದೆ ಇಪ್ಪತ್ತೆಂಟು ವರ್ಷ ಟೈಪಿಸ್ಟ್ ಆಗಿ ಕೂತವನಿಗೆ ಅಣ್ಣತಮ್ಮಂದಿರ ಪಾಲಿನ ಜಗಳ ಬಾಯಿಪಾಠ. ಹೆಸರು, ಸರ್ವೆ ನಂಬರು ಬದಲಿಸಿದರೆ ಸಾಕು.

ಹನ್ನೆರಡಕ್ಕೆ ಬೆಂಗಳೂರಿನ ಫೋನು. ಟಿವಿಯವರ ರಂಗಪ್ರಶಸ್ತಿ ಆಫೀಸು. ನಮ್ಮ ನಾಟಕ ಮಂಡಳಿಯ ಅರ್ಜಿ ನೋಡಿದ್ದಾರೆ. ಜೀವಮಾನದ ಗೌರವಕ್ಕೆ ಆರಿಸಿದ ಐದು ಹೆಸರಲ್ಲಿ ಅಕ್ಕವ್ವನದೂ ಇದೆ! ಆರು ಗಂಟೆಯೊಳಗೆ ಒಂದು ಒಳ್ಳೆಯ ಫೋಟೋ ಬೇಕಂತೆ.

ಒಳ್ಳೆಯ ಫೋಟೋ ಇರುವುದು ಒಂದೇ. ಕಬ್ಬೂರಿನ ನಮ್ಮ ತಾಲೀಮು ಖೋಲಿಯ ಗೋಡೆಯಲ್ಲಿ. ಪ್ರತಿ ನಾಟಕಕ್ಕೆ ಮೊದಲು ಅದರ ಮುಂದೆ ಕಾಯಿ ಒಡೆಯುತ್ತೇವೆ. ಊರಿನ ಗಂಡಸರಿಗೆಲ್ಲ ಸ್ಟೇಜಿನ ಮೇಲೆ ನಡೆಯಲು ಕಲಿಸಿದವಳು ಅವಳು. ಕಂಪನಿ ನಾಟಕದಲ್ಲಿ ನಾಲ್ಕು ಜಿಲ್ಲೆ ಅಲ್ಲಾಡಿಸಿ ಬಂದವಳು. ನಮಗೆ ಗುರು. ಹಾಗಾಗಿ ಫೋಟೋಕ್ಕೆ ಕುಂಕುಮ, ಗಂಧದ ಹಾರ.

ಟೇಲರ್ ನಾಮದೇವನಿಗೆ ಫೋನ್ ಮಾಡಿ ಮೊಬೈಲಿನಲ್ಲಿ ಹೊಡೆದು ಕಳಿಸು ಎಂದೆ.

“ಫೋಟೋದ ಮಾಲಿ ತಗೀಲೇನ್ರಿ ನೇಮಣ್ಣಾ?”

“ಇರ್ಲಿ ಬಿಡೋ. ಮಾಲಿ ಇದ್ರ ಮರ್ಯಾದಿ ಕಾಣಸ್ತೈತಿ.”

ಐದು ಇಪ್ಪತ್ತಕ್ಕೆ ಬೆಂಗಳೂರಿಗೆ ಹೋಯಿತು. ಹೊತ್ತು ಮುಳುಗುವ ಮೊದಲು ಊಟ. ಇವತ್ತು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

೧೨ ಜನವರಿ, ರವಿವಾರ

ಕಬ್ಬೂರಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರು, ಅರ್ಧ ತಾಸಿನ ದಾರಿಗೆ ಒಂದೂವರೆ ತಾಸು. ಅಕ್ಕವ್ವ ಕಟ್ಟೆಯ ಮೇಲೆ ಕೂತು ಹಲ್ಲಿಗೆ ಮಿಶ್ರಿ ತಿಕ್ಕುತ್ತಿದ್ದಳು. ಗಂಟಲಿನ ಆಪರೇಷನ್ ಆದಮೇಲೂ ತಂಬಾಕು ಬಿಟ್ಟಿಲ್ಲ. ಮೈಕು ಇಲ್ಲದೆ ಎರಡು ಸಾವಿರ ಜನಕ್ಕೆ ಕೇಳಿಸುತ್ತಿದ್ದ ದನಿ. ಈಗ ಬರೀ ಉಸಿರು. ಕಿವಿ ಬಾಯಿಯ ಹತ್ತಿರ ಒಯ್ಯಬೇಕು.

ಸುದ್ದಿ ಹೇಳಿದೆ. ಸಾಕುಮಗಳು ದಾನೇಶ್ವರಿ ಕುಣಿದಾಡಿದಳು. ಅಕ್ಕವ್ವ ಕೇಳಿದ್ದು ಒಂದೇ —

“ನಮ್ಮ ತಮ್ಮ ಟಿವ್ಹಿ ನೋಡ್ತಾನೇನ್ರಿ?”

ತಮ್ಮ ಸತ್ತೆಪ್ಪ. ಬೇಡಕಿಹಾಳದಲ್ಲಿ ಹನ್ನೆರಡು ಎಕರೆ ಕಬ್ಬು. ಇವಳು ಕಂಪನಿ ಸೇರಿದ ವಾರವೇ ಅಕ್ಕ ಸತ್ತಳೆಂದು ಊರ ಮುಂದೆ ತಲೆಯ ಮೇಲೆ ನೀರು ಸುರಿದುಕೊಂಡ. ಮೂವತ್ತಾರು ವರ್ಷ ಮಾತಿಲ್ಲ.

“ದೊಡ್ಡ ಮಂದಿ ನನ್ನ ಹೆಸರ ಓದೂದು ಅವ ಒಮ್ಮೆ ಕೇಳ್ಬೇಕ್ರಿ. ಪ್ರಶಸ್ತಿ ಕಟಗೊಂಡು ಏನ್ಮಾಡ್ಲಿ.”

ಸಂಜೆ ಸತ್ತೆಪ್ಪನಿಗೆ ಫೋನ್ ಮಾಡಿದೆ. ಶನಿವಾರ ಇಪ್ಪತ್ತೈದಕ್ಕೆ ಐದೂವರೆಗೆ ಟಿವಿ ಹಚ್ಚಿರಿ, ನಿಮ್ಮ ಅಕ್ಕನ ಹೆಸರು ಬರುತ್ತದೆ ಎಂದೆ. ಫೋನ್ ಇಟ್ಟುಬಿಟ್ಟ. ಆದರೆ ಪೂರ್ತಿ ಕೇಳಿಸಿಕೊಂಡ.

೨೨ ಜನವರಿ, ಬುಧವಾರ

ಗುರುತಿಲ್ಲದ ನಂಬರಿನಿಂದ ನಿನ್ನೆಯಿಂದ ಎರಡು ಮಿಸ್ಡ್ ಕಾಲ್. ಸಾಲ ಬೇಕೇ ಎಂದು ಕೇಳುವವರಿರಬೇಕು. ತಿರುಗಿ ಮಾಡಲಿಲ್ಲ. ತಾಲೀಮು ಖೋಲಿಗೆ ಸುಣ್ಣ. ದೊಡ್ಡ ಟಿವಿ ಬಾಡಿಗೆ.

೨೬ ಜನವರಿ, ರವಿವಾರ. ಬೆಳಿಗ್ಗೆ ೮

ನಿನ್ನೆಯದನ್ನು ನಿನ್ನೆ ಬರೆಯಲಾಗಲಿಲ್ಲ.

ಅರವತ್ತು ಜನ ಸೇರಿದ್ದರು. ಅಕ್ಕವ್ವನಿಗೆ ನಾಟಕದ ಸಿಂಹಾಸನ ಹಾಕಿದ್ದೆವು, ರಾಜನ ಪಾರ್ಟಿನವರು ಕೂರುವುದು. ದಾನೇಶ್ವರಿ ಮಲ್ಲಿಗೆ ಮುಡಿಸಿದ್ದಳು. ಮೊದಲ ಒಂದು ತಾಸು ನಮ್ಮ ಮಂದಿ ಬೆಂಗಳೂರಿನವರ ಮಾನ ಕಳೆದರು. ಒಂದು ನಾಟಕದ ತುಣುಕಿನಲ್ಲಿ ಕಪ್ಪು ಬಟ್ಟೆಯವರು ನೆಲದ ಮೇಲೆ ಹೊರಳುತ್ತಿದ್ದರು. ಹಾರ್ಮೋನಿಯಂ ವಿರುಪಾಕ್ಷಪ್ಪ, “ಇವ್ರ ಕಂಪನ್ಯಾಗ ಖುರ್ಚಿ ಇಲ್ಲಂತ ಕಾಣಸ್ತೈತಿ” ಎಂದ. ಒಬ್ಬ ನಟಿ ಹಾಡಿದಾಗ ಮಾತ್ರ ಹಿಂದಿನಿಂದ ‘ವನ್ಸ್ ಮೋರ್’ ಕೂಗು. ಟಿವಿಗೆ! ಅಕ್ಕವ್ವ ಹೊಟ್ಟೆ ಹಿಡಿದು ನಕ್ಕಳು. ದನಿಯಿಲ್ಲದ ನಗು.

ಆಮೇಲೆ ದೀಪ ಕಡಿಮೆ ಮಾಡಿದರು. ಕೊಳಲು. ‘ಈ ವರ್ಷ ನಮ್ಮನ್ನು ಅಗಲಿದ ರಂಗಚೇತನಗಳು.’ ಒಂದೊಂದೇ ಕಪ್ಪು-ಬಿಳುಪು ಮುಖ. ನಾಲ್ಕನೆಯದು ಆದಮೇಲೆ —

ನಮ್ಮ ಗೋಡೆ. ನಮ್ಮ ಚೌಕಟ್ಟು. ಗಂಧದ ಹಾರ. ‘ಶ್ರೀಮತಿ ಅಕ್ಕವ್ವ ಕಬ್ಬೂರ’ ಎಂದು ಓದಿದರು.

ನಾಲ್ಕು ಸೆಕೆಂಡು ಇರಬಹುದು. ಅಲ್ಲಿ ಜನ ಎದ್ದು ನಿಂತಿದ್ದರು. ಇಲ್ಲಿ ಸುಣ್ಣ ಹೊಡೆದ ಗೋಡೆಯಲ್ಲಿ ಅದೇ ಫೋಟೋ, ಅದರ ಕೆಳಗೆ ಟಿವಿ, ಎದುರಿಗೆ ಅವಳು. ವಿರುಪಾಕ್ಷಪ್ಪ ಎದ್ದು ವೈರ್ ಕಿತ್ತ.

“ಈ ಫೋಟೋ ಯಾರ್ ಕಳ್ಸಿದ್ರಿ?” ದಾನೇಶ್ವರಿ ಕೇಳಿದಳು.

ನಾಮದೇವ ನೆಲ ನೋಡಿದ. ನಾನು, “ಅವ್ರ ಎಲ್ಲಿಂದೋ ತಗೊಂಡಿರಬೇಕವ್ವಾ” ಎಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು. ಮೂವತ್ತು ವರ್ಷ ಸೈಡ್ ವಿಂಗಿನಲ್ಲಿ ನಿಂತು ಮಂದಿಗೆಲ್ಲ ಮಾತು ಎತ್ತಿಕೊಟ್ಟ ಪ್ರಾಂಪ್ಟರ್ ನಾನು. ನನಗೆ ನಾನೇ ಎತ್ತಿಕೊಟ್ಟದ್ದು ಇದು.

ಅಕ್ಕವ್ವ ಅಂದದ್ದು ಇಷ್ಟೇ — “ಹೆಸರ ಮಾತ್ರ ಛಲೋ ಓದಿದ್ರು.”

ಅದೇ ದಿನ, ಸಂಜೆ ೫

ಸತ್ತೆಪ್ಪ ಬಂದಿದ್ದ.

ನಮ್ಮ ಕಡೆ ಹೆಣ್ಣುಮಗಳು ಸತ್ತರೆ ಎಂಥ ಹಗೆ ಇದ್ದರೂ ತವರಿನ ಸೀರೆ ಬರಲೇಬೇಕು. ಅಣ್ಣನೋ ತಮ್ಮನೋ ಕೈಯಾರೆ ಹೊದಿಸಬೇಕು. ನಾನು ಅಕ್ಕವ್ವನ ಮನೆಯಲ್ಲಿದ್ದೆ, ಹನ್ನೊಂದಕ್ಕೆ ಬಾಗಿಲ ಮುಂದೆ ಜೀಪು ನಿಂತಿತು. ನಾಲ್ಕು ಜನ. ಸತ್ತೆಪ್ಪನ ಕೈಯಲ್ಲಿ ಹಸಿರು ಸೀರೆ, ಕಣ್ಣು ಕೆಂಪಗೆ. ಅತ್ತಿದ್ದಾನೆ. ನಾನು ನೋಡಿದೆ, ನಿಜವಾಗಿ ಅತ್ತಿದ್ದ.

ಅಕ್ಕವ್ವ ಕಟ್ಟೆಯ ಮೇಲೆ ಮಿಶ್ರಿ ತಿಕ್ಕುತ್ತ ಕೂತಿದ್ದಳು. ಕೈ ಹಾಗೇ ನಿಂತಿತು.

“ಬಾ ತಮ್ಮಾ.”

ಅವನಿಗೆ ಕೇಳಿಸಿತೋ ಇಲ್ಲವೋ. ಮುಖದ ಮೇಲಿನ ಅಳು ಇಳಿಯುವುದು ಕಂಡಿತು. ನನ್ನ ಕಡೆ ತಿರುಗಿದ.

“ಟಿವ್ಹಿ ನೋಡ್ರಿ ಅಂತ ಫೋನ್ ಮಾಡಿದಾಂವ ನೀವಽ ಅಲ್ಲ? ಇದೇನ್ರಿ, ನಾಟಕಾ? ನನ್ನ ಕರಸಾಕ ಹಿಂಗ ಮಾಡಿದ್ರೇನ?”

ಆಗ ಹೇಳಬೇಕಿತ್ತು. ಹಾರ ನಾನು ಇರಲಿ ಎಂದೆ, ನಿಮ್ಮ ಅಕ್ಕನಿಗೆ ಏನೂ ಗೊತ್ತಿಲ್ಲ. ಎರಡೇ ವಾಕ್ಯ. ಇಡೀ ಓಣಿ ನೋಡುತ್ತಿತ್ತು. ನಾಲಿಗೆ ಏಳಲಿಲ್ಲ.

ಸತ್ತೆಪ್ಪ ಸೀರೆಯನ್ನು ಕಟ್ಟೆಯ ಮೇಲಿಟ್ಟ. ಹೆಣಕ್ಕೆ ತಂದದ್ದು, ತಿರುಗಿ ಒಯ್ಯಬಾರದು. “ತರೂದು ತಂದೇನಿ. ಇನ್ನೊಮ್ಮೆ ತರೂದಿಲ್ಲ” ಎಂದು ಜೀಪು ಹತ್ತಿದ. ನೀರು ಸಹ ಕುಡಿಯಲಿಲ್ಲ.

ನಾನೊಬ್ಬ ಹೇಡಿ. ಬರೆದಿಡುತ್ತೇನೆ, ಕನಿಷ್ಠ ಇಲ್ಲಾದರೂ.

೩ ಫೆಬ್ರವರಿ, ಸೋಮವಾರ

ಬೆಂಗಳೂರಿನ ಪ್ರಶಸ್ತಿ ಆಫೀಸಿನ ಹುಡುಗಿ ಫೋನಿನಲ್ಲಿ ಸಿಕ್ಕಳು. “ಹಾರ, ಕುಂಕುಮ ಇತ್ತಲ್ಲ ಸರ್. ತೀರಿಕೊಂಡಿದ್ದಾರೆ ಅಂದ್ಕೊಂಡ್ವಿ. ಜೀವಮಾನದ ಗೌರವ ಬದುಕಿದ್ದವರಿಗೆ ಮಾತ್ರ. ಕೇಳೋಣ ಅಂತ ಎರಡು ಸಲ ಫೋನ್ ಮಾಡಿದ್ವಿ.” ಮುಂದಿನ ವರ್ಷ ನೋಡುತ್ತಾರಂತೆ.

ಮಠದಲ್ಲಿ ಸ್ವಾಮಿಗಳ ಫೋಟೋಕ್ಕೆ ಹಾರ ಹಾಕುವುದಿಲ್ಲವೇ? ಅವರೆಲ್ಲ ಸತ್ತಿದ್ದಾರೆಯೇ? ಅವಳಿಗೆ ಇದನ್ನು ಹೇಳಿ ಏನು ಬಂತು.

ಮಧ್ಯಾಹ್ನ ಒಂದು ಅಫಿಡವಿಟ್ ಟೈಪ್ ಮಾಡಿದೆ. ನನ್ನದೇ. ‘ನೇಮಿನಾಥ ಎಂಬ ನಾನು ಪ್ರಮಾಣಪೂರ್ವಕವಾಗಿ ಹೇಳುವುದೇನೆಂದರೆ…’ ಆರು ಸಾಲು. ಬಾಯಿಯಲ್ಲಿ ಬಾರದ್ದು ಬೆರಳಲ್ಲಿ ಬಂತು. ಸಹಿ ಮಾಡಿ ಡ್ರಾವರಿನಲ್ಲಿ ಇಟ್ಟೆ.

೧೭ ಫೆಬ್ರವರಿ, ಸೋಮವಾರ

ಅಕ್ಕವ್ವ ಹಾಸಿಗೆ ಹಿಡಿದಿದ್ದಾಳೆ. ಮಜ್ಜಿಗೆ ಸಹ ಇಳಿಯುತ್ತಿಲ್ಲ. ಡಾಕ್ಟರು ಹದಿನೈದು ದಿನ ಎಂದರಂತೆ. ಹಸಿರು ಸೀರೆ ತಲೆದಿಂಬಿನ ಕೆಳಗಿದೆ.

ಕಿವಿ ಹತ್ತಿರ ಒಯ್ದೆ.

“ತಮ್ಮ ನಾಟಕಾ ಅಂದ ನೋಡ್ರಿ. ನಾ ಸತ್ತವರ ಪಾರ್ಟ್ ಮಾಡಿದ್ರ ಮಿಶ್ರಿ ತಿಕ್ಕೋತ ಕುಂದರತಿದ್ನಿ? ನೆಟ್ಟಗ ಮಲಕೊಂಡಿರತಿದ್ನಿ.”

ನಗು ಬರಲಿಲ್ಲ. ಹೇಳಿಬಿಟ್ಟೆ. ಹಾರ, ನಾಮದೇವ ಕೇಳಿದ್ದು, ನಾನು ಇರಲಿ ಎಂದದ್ದು. ಅವಳು ಕಣ್ಣು ತೆರೆಯಲಿಲ್ಲ.

“ಮಾಲಿ ಗುರ್ತ ಐತ್ರಿ ನನಗ. ಅವತ್ತಽ ತಿಳೀತು.” ಉಸಿರು ತೆಗೆದುಕೊಂಡು, “ನನಗ ಹೇಳಿ ಏನ್ ಮಾಡ್ತೀರಿ ನೇಮಣ್ಣಾ. ಅವಗ ಹೇಳ್ರಿ. ನಾ ಇರೂದ್ರಾಗ.”

ಗುರುವಾರ ಹೋಗುತ್ತೇನೆ ಎಂದೆ. ಅವಳ ಕೈ ಮುಟ್ಟಿ ಎಂದೆ.

೨೦ ಫೆಬ್ರವರಿ, ಗುರುವಾರ

ಕೋರ್ಟಿನಲ್ಲಿ ಬಹಳ ಕೆಲಸ.

೨೩ ಫೆಬ್ರವರಿ, ರವಿವಾರ

ಬೇಡಕಿಹಾಳದ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಅಲ್ಲಿ ಚಹಾ ಕುಡಿದೆ. ಸತ್ತೆಪ್ಪ ಎದುರಿನ ಗೊಬ್ಬರದ ಅಂಗಡಿಯಲ್ಲಿ ಕೂತಿದ್ದ. ಸುತ್ತ ಹತ್ತು ಜನ. ಇನ್ನೊಂದು ಚಹಾ ಕುಡಿದೆ. ಅದೇ ಬಸ್ಸಿಗೆ ತಿರುಗಿ ಬಂದೆ.

೨೮ ಫೆಬ್ರವರಿ, ಶುಕ್ರವಾರ. ಬೆಳಿಗ್ಗೆ ೭

ಅಕ್ಕವ್ವ ಹೋದಳು. ಬೆಳಗಿನ ಜಾವ ಐದಕ್ಕೆ.

ದಾನೇಶ್ವರಿ ಬೇಡಕಿಹಾಳಕ್ಕೆ ಫೋನ್ ಮಾಡಿದಳಂತೆ. “ಒಮ್ಮೆ ಬಂದು ಹೋಗೇನಿ. ಮತ್ತ ಯಾವ ನಾಟಕಾ?” ಎಂದು ಇಟ್ಟನಂತೆ. ಎರಡನೇ ಸಲ ಎತ್ತಲೇ ಇಲ್ಲ. ಸೀರೆ ಇದೆ. ಹೊದಿಸುವ ಕೈ ಇಲ್ಲ. ಹನ್ನೊಂದಕ್ಕೆ ಮಣ್ಣು.

ಅಫಿಡವಿಟ್ ಜೇಬಿನಲ್ಲಿದೆ. ನಾಮದೇವನ ಗಾಡಿ ತೆಗೆದುಕೊಂಡು ಹೊರಟೆ.

ಅದೇ ದಿನ. ೧೦:೩೫. ಬೇಡಕಿಹಾಳ

ಟ್ರ್ಯಾಕ್ಟರುಗಳು. ಮೂರು ತಾಸು ರಸ್ತೆಯಲ್ಲೇ ಹೋಯಿತು. ಈಗ ಸತ್ತೆಪ್ಪನ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಕಾಗದ ಕೊಟ್ಟೆ. ಓದಲು ಬರುವುದಿಲ್ಲ, ನೀವೇ ಓದಿರಿ ಎಂದ. ಮನೆಯವರೆಲ್ಲ ಬಂದು ನಿಂತರು. ಓದಿದೆ. ನನ್ನದು ಪಿಸುಗುಟ್ಟಿ ರೂಢಿಯಾದ ದನಿ. “ಗಟ್ಟಿ ಓದ್ರಿ” ಎಂದ. ಗಟ್ಟಿಯಾಗಿ ಮತ್ತೊಮ್ಮೆ ಓದಿದೆ. ಹಾರ ಇರಲಿ ಎಂದವನು ನಾನು. ಕಳಿಸಿದಾಗ ಅವಳಿಗೆ ತಿಳಿದಿರಲಿಲ್ಲ. ಕಟ್ಟೆಯ ಮುಂದೆ ಸುಮ್ಮನೆ ನಿಂತವನೂ ನಾನೇ.

ಕೆಳಗೆ ಕೂತುಬಿಟ್ಟ. ಆಮೇಲೆ ಕೇಳಿದ —

“ಅವತ್ತ ಆಕಿ ಏನೋ ಅಂದ್ಳಲ್ಲ. ಏನಂದ್ಳು?”

“ಬಾ ತಮ್ಮಾ ಅಂದ್ರು.”

“ಅದು ಖರೇನ?”

“ಖರೆ ರೀ.”

ಎದ್ದು ಒಳಗೆ ಹೋದ. ರುಮಾಲು ಸುತ್ತಿಕೊಳ್ಳುತ್ತಿದ್ದಾನೆ, ಕಿಟಕಿಯಲ್ಲಿ ಕಾಣುತ್ತದೆ. ಹೆಂಡತಿಗೆ ಇನ್ನೊಂದು ಸೀರೆ ತೆಗೆ ಎನ್ನುತ್ತಿದ್ದಾನೆ.

ದಾನೇಶ್ವರಿಗೆ ಫೋನ್ ಮಾಡಿ ತಡೆಯಿರಿ ಎಂದೆ. ಅತ್ತ ಕಡೆ ಹಲಗೆ ಬಾರಿಸುವ ಸದ್ದು. ಬಿಸಿಲು ಏರುತ್ತದೆಂದು ಊರವರು ಹತ್ತಕ್ಕೇ ಎತ್ತಿದರಂತೆ. ಸೀರೆ ಅವಳೇ ಹೊದಿಸಿದಳಂತೆ. “ಆತ್ರಿ ಮಾಮಾ. ಮಣ್ಣ ಹಾಕಾಕತ್ತಾರ.”

ಚಪ್ಪಲಿ ಮೆಟ್ಟಿದ ಸಪ್ಪಳ. ಬಂದ. ಬಗಲಲ್ಲಿ ಸೀರೆ. “ನಡ್ರಿ, ಗಾಡಿ ಚಾಲೂ ಮಾಡ್ರಿ” ಎನ್ನುತ್ತಿದ್ದಾನೆ. ಈಗ ಇವನಿಗೆ ನಾನೇ ಹೇಳಬೇಕು —