ಎರಡನೆಯ ತಿರುವಿನ ಬಂಡೆ

ಉಳಿಹಿಮ ಶಕೆ ೧೧೪, ಎರಡನೆಯ ಬೇಸಿಗೆಯ ನಲವತ್ತನೆಯ ದಿನ
ಕಲ್ಲುಮನೆ, ತ್ರಿಶೃಂಗ ಹಿಮವನದ ಬಾಗಿಲು

ಗದಗಿನ ಪಾತ್ರೆ ಅಂಗಡಿಯ ಅಡಿವೆಪ್ಪ ಕಂಚಗಾರ ಅವರಿಗೆ, ಏಳು ತಲೆಮಾರು ಆಚೆಯ ನಿಮ್ಮ ಮೊಮ್ಮಗಳು ಹೊನ್ನವ್ವ ಬರೆಯುವ ಪತ್ರ.

ನಾವು ಇಲ್ಲಿ ಕ್ಷೇಮವಾಗಿಲ್ಲ. ನಿಮ್ಮ ಕ್ಷೇಮ ವಿಚಾರಿಸುವ ಮನಸ್ಸೂ ನನಗಿಲ್ಲ. ಮೇಲಿನ ತಾರೀಖು ನಿಮಗೆ ತಿಳಿಯಲಿಕ್ಕಿಲ್ಲ. ನಮಗೆ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಒಂದು ದೂಳಿನ ಕಾಲ. ಉಳಿಹಿಮವೆಂದರೆ ಈ ದೇಶದಲ್ಲಿ ಕರಗದೆ ಉಳಿದಿರುವ ಕೊನೆಯ ಹಿಮ. ಅದೊಂದೇ ಕಡೆ ಉಳಿಯಿತೆಂದು ಗೊತ್ತಾದ ವರ್ಷದಿಂದ ನಮ್ಮ ಶಕೆ ಶುರು. ಇಂಥ ಅಪರಿಚಿತ ಮಾತುಗಳು ಇನ್ನೂ ಬರುತ್ತವೆ, ಕ್ಷಮಿಸಿ. ನಾನು ಕೇಳುವ ಕ್ಷಮೆ ಇದೊಂದೇ. ಉಳಿದದ್ದನ್ನು ನೀವು ಕೇಳಬೇಕು.

ಈ ಪತ್ರಕ್ಕೆ ನಮ್ಮಲ್ಲಿ ಹಿನ್ನೋಲೆ ಎನ್ನುತ್ತಾರೆ. ಕಲ್ಲುಮನೆಯವರು ಬದುಕಿನಲ್ಲಿ ಒಂದೇ ಸಲ, ಕಲ್ಲಿನ ಮೇಲೆ ಹೆಸರಿರುವ ಹಿರಿಯರಿಗೆ ಇದನ್ನು ಬರೆಯಬಹುದು. ಬರೆದು ಆ ಬಂಡೆಯ ಬುಡದಲ್ಲಿ ಸುಟ್ಟರೆ ಅದು ಅವರು ಬದುಕಿದ್ದ ಕಾಲಕ್ಕೆ ಹಿಂದೆ ಹೋಗುತ್ತದೆಂದು ನಂಬಿಕೆ. ಮುಟ್ಟುತ್ತದೋ ಇಲ್ಲವೋ ದೇವರೇ ಬಲ್ಲ. ನನ್ನ ಅವ್ವ ಬರೆದದ್ದು ನಿಮಗೆ ಮುಟ್ಟಿಲ್ಲವೆಂದು ಮಾತ್ರ ಬಂಡೆಯನ್ನು ನೋಡಿದರೆ ಗೊತ್ತಾಗುತ್ತದೆ.

ನೀವೀಗ ಪ್ರವಾಸದ ತಯಾರಿಯಲ್ಲಿದ್ದೀರಿ. ಅದೆಲ್ಲ ನನಗೆ ಗೊತ್ತು, ಏಕೆಂದರೆ ನಿಮ್ಮ ಹೆಂಡತಿ ಶಂಕ್ರಮ್ಮಜ್ಜಿ ಬರೆದ ಚೀಟಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಸ್ವೆಟರ್ ನಾಲ್ಕು, ಮಂಕಿ ಕ್ಯಾಪ್ ಎರಡು, ಶೇಂಗಾ ಹೋಳಿಗೆ ಒಂದು ಡಬ್ಬಿ, ಖಡಕ್ ರೊಟ್ಟಿ, ಚಟ್ನಿಪುಡಿ, ಉಸಿರು ಹಿಡಿದರೆ ಮೂಸಲು ಕರ್ಪೂರ. ಕೊನೆಯಲ್ಲಿ ಬೇರೆ ಕೈಬರಹದಲ್ಲಿ ನೀವು ಸೇರಿಸಿದ್ದೀರಿ: ಚಾಣ, ಸಣ್ಣ ಸುತ್ತಿಗೆ. ಪಾತ್ರೆಗೆ ಹೆಸರು ಕೆತ್ತುವ ನಿಮ್ಮ ಉಳಿ ಅದು. ಅಜ್ಜಿ ನೋಡಿ "ಅಲ್ರೀ, ಹಿಮದಾಗ ಚಾಣಾ ತಗೊಂಡು ಯಾರ ಭಾಂಡೆಕ್ಕ ಹೆಸರ ಹಾಕವ್ರದೀರಿ?" ಎಂದು ನಕ್ಕಿದ್ದಳಂತೆ. "ಇರ್ಲಿ ಬಿಡ, ಅದೇನ ಕೂಳ ಕೇಳತೈತೇನ," ಎಂದು ನೀವು ಅದನ್ನು ಸ್ವೆಟರಿನೊಳಗೆ ಸುತ್ತಿ ಇಟ್ಟಿರಂತೆ. ಏಳು ತಲೆಮಾರಿನಿಂದ ಈ ಮಾತು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಕೇಳಿ ಯಾರೂ ನಕ್ಕಿಲ್ಲ.

ಹಿಮವನದ ಬಾಗಿಲಲ್ಲಿ ನಿಮಗೊಂದು ನುಣುಪಾದ ಕರಿಬಂಡೆ ಸಿಗುತ್ತದೆ. ನೋಡಿದ ಕೂಡಲೇ ನಿಮ್ಮ ಕೈ ತುರಿಸುತ್ತದೆ. ಬೇರೆ ಪ್ರವಾಸಿಗರು ಒಂದು ಹೃದಯ, ಒಂದು ಬಾಣ ಗೀಚಿ ಹೋದರು. ಅವರ ವಂಶದವರು ಯಾರಿಗೂ ಸಿಗಲಿಲ್ಲ, ಎಲ್ಲೋ ಸುಖವಾಗಿದ್ದಾರೆ. ನೀವು ಮಾತ್ರ ಮದುವೆಯ ಕೊಡಕ್ಕೆ ಹಾಕುವ ಹಾಗೆ ನಿಮ್ಮ ಹೆಸರು, ಅಡ್ಡಹೆಸರು, ಹೆಂಡತಿಯ ಹೆಸರು, ಅಂಗಡಿ, ಓಣಿ, ಊರು, ತಾರೀಖು ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ, ಬೆರಳುಗುರು ಮುಳುಗುವಷ್ಟು ಆಳ ಕೆತ್ತಿದಿರಿ. ಹೆಸರಿದ್ದ ಪಾತ್ರೆ ಎಂಥ ಜಾತ್ರೆಯಲ್ಲೂ ಕಳೆಯುವುದಿಲ್ಲ ಎಂದು ಗಿರಾಕಿಗಳಿಗೆ ಹೇಳುತ್ತಿದ್ದಿರಲ್ಲ, ನಾವೂ ಕಳೆಯಲಿಲ್ಲ. ಗೀರುಕಾನೂನು ಬಂದಾಗ ಗದಗಿಗೇ ಬಂದು, ಓಣಿ ಕೇಳಿಕೊಂಡು, ನಮ್ಮವರನ್ನು ಹಿಡಿದು ತಂದರು.

ಆ ಕಾನೂನು ಸರಳವಾಗಿದೆ. ಯಾರ ಹಿರಿಯರ ಹೆಸರು ಹಿಮವನದ ಕಲ್ಲಿನ ಮೇಲಿದೆಯೋ ಅವರು ಬಾಗಿಲಲ್ಲೇ ಇದ್ದು ಅದನ್ನು ಉಜ್ಜಿ ಅಳಿಸಬೇಕು. ಒದ್ದೆ ಕಂಬಳಿ ಮತ್ತು ಬರಿಗೈ, ಅಷ್ಟೇ. ಕಬ್ಬಿಣ, ಮರಳು ತಾಗಿಸುವಂತಿಲ್ಲ, ಕಲ್ಲಿಗೆ ಮತ್ತೆ ನೋವಾಗಬಾರದಂತೆ. ವರ್ಷಕ್ಕೊಮ್ಮೆ ಕಾವಲುಗಾರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಂಡೆಯ ಮೇಲೆ ಅಂಗೈ ಎಳೆಯುತ್ತಾನೆ. ಒಂದು ಗೀರು ಕೈಗೆ ತಾಗಿದರೂ ನಮ್ಮಲ್ಲಿ ಯಾರೂ ಬಂಡೆಯಾಚೆ ಹೆಜ್ಜೆ ಇಡುವಂತಿಲ್ಲ. ನನ್ನ ಮುತ್ತಜ್ಜಿ ನಿಮ್ಮ ಓಣಿಯನ್ನು ಉಜ್ಜುತ್ತ ಮುದುಕಿಯಾದಳು. ಅವ್ವ ನಿಮ್ಮ ಅಡ್ಡಹೆಸರಿನ ಮೇಲೆಯೇ ಕುಸಿದು ಸತ್ತಳು. ಇಷ್ಟುದ್ದ ಯಾಕೆ ಬರೆದಿರಿ ಮಾರಾಯರೇ? ಹೋಗಲಿ, ಅಂಗಡಿಯ ಹೆಸರು ಯಾಕೆ? ಹಿಮದ ಮೇಲೆ ಯಾವ ಗಿರಾಕಿ ಬರುತ್ತಿದ್ದ?

ನಮ್ಮ ಇನ್ನೊಂದು ಕೆಲಸ ಕಾಲು ತೊಳೆಯುವುದು. ಈಗ ಹಿಮವನಕ್ಕೆ ಹೋಗಬೇಕಾದರೆ ಒಂದು ವರ್ಷದ ತಯಾರಿ ಬೇಕು. ಮೂರು ತಿಂಗಳು ದೂಳಿಲ್ಲದ ಕೋಣೆಯಲ್ಲಿ ವಾಸ, ಮೌನದ ಅಭ್ಯಾಸ, ಮೆತ್ತಗೆ ಉಸಿರಾಡುವ ಅಭ್ಯಾಸ. ಊಟದ ತುಣುಕು, ಕೂದಲು, ಉಗುಳು ಯಾವುದೂ ಅಲ್ಲಿ ಬೀಳಕೂಡದು. ಎಲ್ಲ ಮುಗಿಸಿ ಬಂದವರು ನಮ್ಮ ಜಗಲಿಯ ಮೇಲೆ ಕೂತು ಕಾಲು ಚಾಚುತ್ತಾರೆ. ನಾವು ಅಂಗಾಲು ತಿಕ್ಕಿ, ಉಗುರಿನ ಸಂದಿ ಕೆರೆದು ಮೇಲೆ ಕಳಿಸುತ್ತೇವೆ. ಅವರು ಉಳಿಹಿಮದ ಮೇಲೆ ಬರಿಗಾಲಲ್ಲಿ ನೂರು ಉಸಿರಿನಷ್ಟು ಹೊತ್ತು ನಿಂತು ಬರುತ್ತಾರೆ. ವಾಪಸು ಬಂದಾಗ ಮತ್ತೆ ತೊಳೆಯಬೇಕು.

ನನ್ನ ಮಗಳು ತಂಪವ್ವನಿಗೆ ಹತ್ತೊಂಬತ್ತು ವರ್ಷ. ಎದೆಯಲ್ಲಿ ದೂಳುಗೂಡು ಕಟ್ಟಿದೆ. ಇಲ್ಲಿ ಹುಟ್ಟಿದವರಿಗೆ ಬರುವ ಕಾಯಿಲೆ ಅದು. ಇನ್ನು ಎರಡು ಬೇಸಿಗೆಗಿಂತ ಹೆಚ್ಚಿಲ್ಲ ಎಂದು ವೈದ್ಯರು ನನ್ನ ಮುಖಕ್ಕೇ ಹೇಳಿದ್ದಾರೆ. ಇಳಿದು ಬಂದವರ ಕಾಲು ತೊಳೆಯಲು ಅವಳು ಬೇರೆ ಯಾರನ್ನೂ ಬಿಡುತ್ತಿರಲಿಲ್ಲ. ಆ ಕಾಲುಗಳು ತಣ್ಣಗಿರುತ್ತವೆ. ನೀರು ಹಾಕುವ ಮೊದಲು ಅವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂರುತ್ತಿದ್ದಳು. ಒಮ್ಮೆ ಯಾರೋ ಹೆಂಗಸು ಹೇಸಿಕೊಂಡು ಕಾಲು ಕಿತ್ತುಕೊಂಡಳು. ನನ್ನ ಮಗಳಿಗೆ ಹಿಮವೆಂದರೆ ಪರರ ಅಂಗಾಲು. ಸಾಯುವ ಮೊದಲು ಒಮ್ಮೆ ಅವಳು ತನ್ನ ಕಾಲ ಮೇಲೆ ಅಲ್ಲಿ ನಿಲ್ಲಬೇಕು, ನನಗೆ ಬೇರೇನೂ ಬೇಡವಾಗಿತ್ತು.

ಬಂಡೆಯ ಮೇಲೆ ಉಳಿದಿದ್ದದ್ದು ನಿಮ್ಮ ಹೆಸರಿನ ಕೊನೆಯ ಒಂದು ಅಕ್ಷರ. ತಾಯಿ ಮಗಳು ಇಬ್ಬರೂ ಸೇರಿ ಉಜ್ಜಿದೆವು. ನನ್ನ ಬಲಗೈಯ ಬೆರಳುಗಳಲ್ಲಿ ಈಗ ಗೆರೆಗಳಿಲ್ಲ. ಹೋದ ವರ್ಷದ ದೂಳಿನ ಕಾಲದಲ್ಲಿ ಕಾವಲುಗಾರ ದೇವ್‌ಸಿಂಗ್ ಕಣ್ಣು ಕಟ್ಟಿಕೊಂಡು ಬಂದು ಅಂಗೈ ಎಳೆದ. ಒಂದು ಸಲ, ಎರಡು ಸಲ, ಮೂರನೆಯ ಸಲ. ಬಟ್ಟೆ ಬಿಚ್ಚಿ, "ಬಂಡೆ ಗುಣವಾಯಿತು," ಎಂದ. ನಾನು ಅಲ್ಲೇ ಕುಕ್ಕರಿಸಿ ಗೋಳೋ ಎಂದು ಅತ್ತೆ. ನಿಮ್ಮನ್ನು ಆ ದಿನ ಕ್ಷಮಿಸಿದ್ದೆ ಕೂಡ.

ಆಮೇಲೆ ನಮ್ಮ ಮನೆಯಲ್ಲೂ ತಯಾರಿ ನಡೆಯಿತು. ತಂಪವ್ವ ಕೋಣೆ ಸೇರಿದಳು. ಕೆಮ್ಮು ನುಂಗುವುದನ್ನು ಕಲಿತಳು, ನುಂಗಿ ನುಂಗಿ ಕಣ್ಣಲ್ಲಿ ನೀರು ಬರುತ್ತಿತ್ತು. ನಿನ್ನೆ ಬೆಳಿಗ್ಗೆ ಅವಳನ್ನು ಜಗಲಿಯ ಮೇಲೆ ಕೂರಿಸಿ ನಾನೇ ಅವಳ ಕಾಲು ತೊಳೆದೆ. "ಕಚಗುಳಿ ಆಕ್ಕತಿ ಅವ್ವಾ, ಸಾಕ ಬಿಡ," ಎಂದು ನಗುತ್ತಿದ್ದಳು. ದೇವ್‌ಸಿಂಗನ ಹಿಂದೆ ಬಂಡೆ ದಾಟಿ ಹೋದಳು. ನಮ್ಮ ವಂಶದಲ್ಲಿ ಅದನ್ನು ದಾಟಿದ ಮೊದಲ ಹೆಜ್ಜೆ ಅದು, ನಿಮ್ಮದನ್ನು ಬಿಟ್ಟರೆ.

ಹಿಮಕ್ಕೆ ಏರುವ ದಾರಿಯ ಎರಡನೆಯ ತಿರುವಿನಲ್ಲಿ ಹೋದ ವಾರ ನೆರೆ ಬಂದು ಹಳೆಯ ಜಲ್ಲಿಗುಡ್ಡೆ ಕೊಚ್ಚಿಹೋಗಿತ್ತು. ಯಾವ ಕಾಲದಲ್ಲೋ ಗುಡ್ಡ ಜರಿದು ಹುಗಿದಿದ್ದ ಒಂದು ಬಂಡೆ ಅಲ್ಲಿ ಬಯಲಾಗಿತ್ತು. ಅದರ ಮೇಲೆ ಅಕ್ಷರಗಳು. ಮಳೆ, ಗಾಳಿ, ಕೈ ಯಾವುದೂ ತಾಗದೆ, ನಿನ್ನೆ ಕೆತ್ತಿದಂತೆ. ದೇವ್‌ಸಿಂಗನಿಗೆ ಕನ್ನಡ ಓದಲು ಬರುವುದಿಲ್ಲ. ಅದು ಯಾರ ಹೆಸರೆಂದು ಅವನು ತಂಪವ್ವನನ್ನೇ ಕೇಳಿದ. ಯಾರೋ ಬೇರೆಯವರದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಉಳಿಹಿಮಕ್ಕೆ ಅಲ್ಲಿಂದ ಇನ್ನೂರು ಹೆಜ್ಜೆ. ಅವಳು ಗಟ್ಟಿಯಾಗಿ ಓದಿಬಿಟ್ಟಳು: ಅಡಿವೆಪ್ಪ ಕಂಚಗಾರ, ಶಂಕ್ರಮ್ಮ, ಗದಗ, ಮತ್ತೆ ಬರುತ್ತೇವೆ.

ದೇವ್‌ಸಿಂಗ್ ಕೆಟ್ಟವನಲ್ಲ. ತಲೆ ತಗ್ಗಿಸಿ, ಅವಳ ಕೈ ಹಿಡಿದು ಕೆಳಗೆ ಕರೆತಂದ. ಅವಳ ಕಾಲು ದೂಳಾಗಿತ್ತು, ಬೆಚ್ಚಗಿತ್ತು. "ಅವ್ವಾ, ಹೆಸರು ಪೂರಾ ಇದ್ದದ್ದು ನಾ ಒಮ್ಮೆನೂ ನೋಡಿದ್ದಿಲ್ಲ. ಅಕ್ಷರ ಎಷ್ಟ ಚಂದ ಅದಾವ ಗೊತ್ತೈತೇನ? ಓದಬೇಕಂತ ಓದಲಿಲ್ಲ, ಬಾಯಿಗೆ ಬಂದ ಬಿಡ್ತು," ಎಂದಳು. ನಾನು ಅವಳ ಕೆನ್ನೆಗೆ ಹೊಡೆದೆ. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು. ಬೆರಳ ಗುರುತು ಇವತ್ತೂ ಹಾಗೇ ಇದೆ.

ಶಂಕ್ರಮ್ಮಜ್ಜಿಯ ಕತೆಯಲ್ಲಿ ನಮಗೆ ತಿಳಿಯದ ಒಂದು ವಿಷಯವಿತ್ತು. ಎರಡನೆಯ ದಿನ ಏರುವಾಗ ಅವಳಿಗೆ ಉಸಿರು ಹಿಡಿದು, ಎರಡನೆಯ ತಿರುವಿನಲ್ಲಿ ಅರ್ಧ ಗಂಟೆ ಕೂತಿದ್ದಳಂತೆ. ಅಷ್ಟು ಹೊತ್ತು ನೀವೇನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ, "ಅವ್ರಿಗೆ ಸುಮ್ಮ ಕುಂಡ್ರಾಕ ಎಲ್ಲಿ ಬರತೈತಿ," ಎನ್ನುತ್ತಿದ್ದಳಂತೆ. ನಮಗೆ ಅದು ನಿನ್ನೆ ತಿಳಿಯಿತು.

ಮುತ್ತಜ್ಜ, ಚಾಣವನ್ನು ಮನೆಯಲ್ಲೇ ಬಿಟ್ಟು ಹೋಗಿ ಎಂದು ನಾನು ಕೇಳುವುದಿಲ್ಲ. ಅವ್ವ ಕೇಳಿ ನೋಡಿದ್ದಾಳೆ. ಬಾಗಿಲ ಬಂಡೆಯ ಮೇಲೆ ಬೇಕಾದಷ್ಟು ಕೆತ್ತಿ, ಅಂಗಡಿಯ ಹೆಸರನ್ನೂ ಹಾಕಿ. ಅದನ್ನು ನಾವು ಉಜ್ಜಿ ಮುಗಿಸಿದ್ದೇವೆ, ಆ ಕಷ್ಟವನ್ನು ವಾಪಸು ಕೇಳುವುದಿಲ್ಲ. ಎರಡನೆಯದನ್ನು ಮಾತ್ರ ಬಿಡಿ. ನಿಮ್ಮ ಹೆಂಡತಿ ಅಲ್ಲಿ ಎದೆ ಹಿಡಿದುಕೊಂಡು ಕೂರುತ್ತಾಳೆ, ತಂಪವ್ವ ಈಗ ಕೂತಿರುವ ಹಾಗೆಯೇ. ಚೀಲದ ಕಡೆ ಕೈ ಹಾಕಬೇಡಿ. ಅವಳ ಪಕ್ಕದಲ್ಲಿ ಕೂತು ಬೆನ್ನು ಸವರಿ, ಕರ್ಪೂರ ಮೂಸಿಸಿ, ಒಂದು ಗುಟುಕು ನೀರು ಕೊಡಿ. ಅರ್ಧ ಗಂಟೆ ಅಷ್ಟೇ. ಆಮೇಲೆ ಇಬ್ಬರೂ ಎದ್ದು ಹೋಗಿ ಹಿಮ ನೋಡಿ ಬನ್ನಿ.

ಇದನ್ನು ಈಗ ಸುಡುತ್ತೇನೆ. ಸುಟ್ಟ ಮೇಲೆ ತಂಪವ್ವ ಆ ಬಂಡೆಯವರೆಗೆ ಏರಿಹೋಗಿ, ಅಕ್ಷರಗಳು ಹೋಗಿವೆಯೇ ಎಂದು ನೋಡಿ ಬರುತ್ತೇನೆ ಎಂದಿದ್ದಾಳೆ. ಉಜ್ಜುವವರಿಗೆ ಅಲ್ಲಿಯವರೆಗೆ ಮಾತ್ರ ದಾರಿ ಬಿಡುತ್ತಾರಂತೆ. ಕಂಬಳಿ ಒದ್ದೆ ಮಾಡಿ ಇಟ್ಟುಕೊಂಡಿದ್ದಾಳೆ.

ಹೊನ್ನವ್ವ