ತಡೆದ ನೀರು ಎಲ್ಲಿಗೆ ಹೋಗುತ್ತದೆ?

ಗುರುವಾರ, ಊಟದ ಬಿಡುವು

ಮಾತು ಬಿಟ್ಟಿರುವ ಅಕ್ಕನಿಗೆ, ತಂಗಿಯ ನಮಸ್ಕಾರ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಬಾಗಿಲಿಗೆ ಬಂದರೆ ಹೊಲಿಗೆ ಮೆಷಿನ್ನಿನ ಸದ್ದು ಜೋರಾಗುತ್ತದೆ. ಅದಕ್ಕೇ ಈ ಕಾಗದ. ಭಾವನ ಕೈಲಿ ಕಳಿಸುತ್ತಿದ್ದೇನೆ. "ನಿಮ್ಮಿಬ್ಬರ ಜಗಳಕ್ಕೆ ನನ್ನನ್ನ ಪೋಸ್ಟ್‌ಮ್ಯಾನ್ ಮಾಡ್ಕೊಂಡ್ರಾ" ಅಂತ ಗೊಣಗಿದರು, ಆದರೂ ಒಪ್ಪಿಕೊಂಡರು. ಹರಿದು ಹಾಕುವ ಮುಂಚೆ ಕೊನೆತನಕ ಓದು.

ಹೋದ ಮಳೆಗಾಲದಲ್ಲಿ ಹೊಳೆ ನಿನ್ನ ಬೀದಿಗೆ ನುಗ್ಗಿ, ನೀನು ಹೊಲಿದಿಟ್ಟಿದ್ದ ಶಾಲೆ ಸಮವಸ್ತ್ರವೆಲ್ಲ ಕೆಸರಾಯಿತು. ಸಮಾಧಾನ ಹೇಳಲು ಬಂದ ನನಗೆ ನೀನು "ನಿಮ್ಮ ಆಫೀಸಿನ ನಕ್ಷೆ ಒಣಗೇ ಇದೆ ತಾನೇ, ಹೋಗು" ಅಂತ ಎಲ್ಲರೆದುರೇ ಅಂದೆ. ನನಗೂ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ನಗರಸಭೆಯ ಪ್ರವಾಹ ವಿಭಾಗದಲ್ಲಿ ಎಂಜಿನಿಯರ್ ಆದ ಮಾತ್ರಕ್ಕೆ ಹೊಳೆ ನನ್ನ ಮಾತು ಕೇಳುತ್ತದೆಯೇ? ನೀನೇ ಕೇಳುವುದಿಲ್ಲ.

ಈಗ ವಿಷಯ. ಹೊಳೆಗೆ ತಡೆಗೋಡೆ ಕಟ್ಟಲು ಹಣ ಬರುತ್ತಿದೆ, ಆದರೆ ಒಂದೇ ದಡಕ್ಕೆ. ಎಲ್ಲಿ ಕಟ್ಟಿದರೆ ಹೆಚ್ಚು ಬೆಲೆಯ ಕಟ್ಟಡಗಳು ಉಳಿಯುತ್ತವೋ ಅಲ್ಲಿಗೆ ಎನ್ನುವುದು ಹಣ ಕೊಡುವವರ ಲೆಕ್ಕ. ಆಚೆ ದಡದಲ್ಲಿ ಬ್ಯಾಂಕು, ಹೋಟೆಲು, ಗಾಜಿನ ಅಂಗಡಿಗಳು. ನಿನ್ನ ಬೀದಿಯನ್ನೆಲ್ಲ ಕೂಡಿಸಿದರೂ ಆ ಹೋಟೆಲಿನ ಒಂದು ಮಹಡಿಗೆ ಸಮ ಬರಲಿಲ್ಲ. ತಪ್ಪಿರಬಹುದೆಂದು ಮತ್ತೊಮ್ಮೆ ಕೂಡಿಸಿದೆ, ಅಷ್ಟೇ ಬಂತು.

ಆಚೆ ಗೋಡೆ ಎದ್ದರೆ ಅಲ್ಲಿ ಹರಡಿಕೊಳ್ಳುತ್ತಿದ್ದ ನೀರೂ ನಿನ್ನ ಕಡೆಗೇ ತಿರುಗುತ್ತದೆ. ಹೋದ ಸಲ ಮೊಣಕಾಲಿಗೆ ಬಂದದ್ದು ಮುಂದಿನ ಸಲ ಕಿಟಕಿಗೆ ಬರುತ್ತದೆ. ನಕ್ಷೆಯಲ್ಲಿ ನಿನ್ನ ಬೀದಿಗೆ ಗಾಢ ನೀಲಿ ಹಾಕಿದ್ದೆ. ಮುಖ್ಯ ಎಂಜಿನಿಯರ್ ಹಿಂದೆ ನಿಂತು ನೋಡಿ, "ಆ ಬಣ್ಣ ಸ್ವಲ್ಪ ತಿಳಿ ಮಾಡಮ್ಮ, ನೋಡಿದವರು ಗಾಬರಿಯಾಗ್ತಾರೆ" ಅಂದರು. ಕೆಟ್ಟವರಲ್ಲ ಅವರು. ಈ ವರ್ಷ ಹಣ ಕೈತಪ್ಪಿದರೆ ಯಾವ ದಡಕ್ಕೂ ಒಂದು ಇಟ್ಟಿಗೆ ಬೀಳುವುದಿಲ್ಲ ಎಂಬ ಭಯ ಅವರಿಗೆ. ನಾನಿನ್ನೂ ತಿಳಿ ಮಾಡಿಲ್ಲ. ನಾಳೆ ಸಂಜೆಯೊಳಗೆ ಆಗಬೇಕು ಎಂದಿದ್ದಾರೆ.

ಶನಿವಾರ ಬೆಳಿಗ್ಗೆ ನಗರಸಭೆಯ ಸಭಾಂಗಣದಲ್ಲಿ ನಾಗರಿಕರ ಸಭೆ. ಅಲ್ಲಿ ನಮ್ಮದೊಂದು ವಿಚಿತ್ರ ಪದ್ಧತಿ ಇದೆ. ಊರಿನವರು ಕೇಳಿದ್ದಕ್ಕೆ ಮಾತ್ರ ನಾವು ಬಾಯಿ ಬಿಡಬೇಕು. ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಲೇಬೇಕು. ಅದು ದಾಖಲಾಗುತ್ತದೆ, ಪರಿಹಾರ ತೋರಿಸುವ ತನಕ ಹಣ ಬಿಡುಗಡೆಯಾಗುವುದಿಲ್ಲ. ಯಾರೂ ಕೇಳದಿದ್ದರೆ ಹಿಂದಿನ ಸಾಲಿನಲ್ಲಿ ಕೂತು ಚಹಾ ಕುಡಿದು ಬರುವುದಷ್ಟೇ ನಮ್ಮ ಕೆಲಸ. ಆಚೆ ದಡದವರು ಯಾಕೆ ಕೇಳುತ್ತಾರೆ? ನಿನ್ನ ಬೀದಿಯವರಂತೂ ನೀನು ಬೇಡ ಅಂದ ಮೇಲೆ ಸಭೆಯ ಕಡೆ ತಲೆಯನ್ನೇ ಹಾಕುತ್ತಿಲ್ಲ.

ಅಕ್ಕ, ನೀನು ಬಾ. ಬೈಗುಳ ಬೇಡ, ಭಾಷಣ ಬೇಡ. ಎದ್ದು ನಿಂತು ಒಂದೇ ಮಾತು ಕೇಳು: ಆಚೆ ತಡೆದ ನೀರು ಎಲ್ಲಿಗೆ ಹೋಗುತ್ತದೆ? ಕೇಳಿ ಕೂತುಬಿಡು. ಮಿಕ್ಕಿದ್ದು ನನಗಿರಲಿ. ಇದೇ ಹಣದಲ್ಲಿ ಎರಡೂ ದಡಕ್ಕೆ ಗಿಡ್ಡ ಗೋಡೆ ಕಟ್ಟಿ, ಹೊಳೆ ಊರಿಗೆ ಬರುವ ಕಡೆಯಲ್ಲಿರುವ ಆಟದ ಮೈದಾನವನ್ನು ತಗ್ಗು ಮಾಡಿ ಹೆಚ್ಚಾದ ನೀರನ್ನು ಅಲ್ಲಿ ನಿಲ್ಲಿಸಬಹುದು. ಆ ನಕ್ಷೆಯನ್ನೂ ಬರೆದಿಟ್ಟಿದ್ದೇನೆ. ನನ್ನನ್ನು ಗುರುತಿಲ್ಲದವಳ ಹಾಗೆ ನೋಡಿದರೂ ಸರಿ, ಬಾ.

ನನಗೆ ಭಯವಾಗುತ್ತಿದೆ. ಮೋಡ ಕಂಡಾಗಲೆಲ್ಲ ನಿನ್ನ ಕಿಟಕಿ ಕಣ್ಣ ಮುಂದೆ ಬರುತ್ತದೆ.

ಬೈದಾದರೂ ಮಾತಾಡಲಿ ಎಂದು ಕಾದಿರುವ,
ನಿನ್ನ ತಂಗಿ

ತಾ.ಕ.: ಒಂದು ಸಂಗತಿಯನ್ನು ಬೇಕೆಂದೇ ಕೊನೆಗಿಟ್ಟೆ, ಮೊದಲೇ ಬರೆದಿದ್ದರೆ ಕಾಗದ ಒಲೆ ಸೇರುತ್ತಿತ್ತು. ನಿನ್ನ ದಡಕ್ಕೂ ಗೋಡೆ ಬಂದರೆ ಅದು ನಿನ್ನ ಮೆಷಿನ್ನುಗಳಿರುವ ಹಿಂದಿನ ಕೋಣೆಯ ಮೇಲೇ ಹಾಯುತ್ತದೆ. ಕೋಣೆ ಒಡೆಯಬೇಕು. ಬೇರೆ ದಾರಿ ಹುಡುಕಿ ಹುಡುಕಿ ಸೋತೆ. ನಮ್ಮ ಮನೆಯ ಮುಂದಿನ ಕೋಣೆ ಖಾಲಿ ಮಾಡಿದ್ದೇನೆ. ಟೇಪು ಹಿಡಿದು ನೋಡಿದೆ, ನಿನ್ನ ಮೆಷಿನ್ನುಗಳೆಲ್ಲ ಹಿಡಿಸುತ್ತವೆ. ನೀನು ಬರದಿದ್ದರೆ, ಯಾರೂ ಕೇಳದಿದ್ದರೂ ನಾನೇ ಎದ್ದು ಹೇಳಿಬಿಡುತ್ತೇನೆ. ಅದು ದಾಖಲಾಗುವುದಿಲ್ಲ, ನನ್ನ ಕೆಲಸ ಮಾತ್ರ ಹೋಗುತ್ತದೆ. ಆಗ ನಿನ್ನ ಹಿಂದಿನ ಕೋಣೆ ನಿಂತೇ ಇರುತ್ತದಲ್ಲ, ಅಲ್ಲಿ ನನಗೂ ಒಂದು ಸ್ಟೂಲು ಹಾಕು. ಗುಂಡಿ ಹೊಲಿಯುವುದನ್ನು ಕಲಿಸಿಕೊಡು, ನೀರು ಬರುವ ತನಕ.