ಅಪ್ಪ ಹೊಡೆದುಹಾಕಿದ ಮೌನ

ಸಾಂತಾ ಕ್ರೂಸ್, ಶನಿವಾರ

ಅಪ್ಪಾ,

ಮಧ್ಯಾಹ್ನ ಎರಡೂವರೆಗೆ ನಿಮ್ಮ ಮೊಮ್ಮಗನ ಅಳು ನನ್ನನ್ನು ಎಬ್ಬಿಸಿತು. ಅವನ ಜ್ವರದಿಂದ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಇಲ್ಲಿನ ಚರ್ಚಿನ ಬೆಂಚಿನ ಮೇಲೇ ತೂಕಡಿಸಿದ್ದೆ. ಅವನು ಬಾಯಿ ಮುಚ್ಚಿದ ಮೇಲೂ ಇಲ್ಲಿನ ಇಟ್ಟಿಗೆ ಗುಮ್ಮಟ ನಾಲ್ಕೆಣಿಸುವವರೆಗೆ ಅಳುತ್ತಿತ್ತು! ಗಂಟೆ ಬಾರಿಸುವ ಪೆತ್ರೋನಾ, "ಇವನಾದ್ರೂ ನಿಲ್ಲಿಸಿ ಕೇಳಿಸ್ಕೊಳ್ತಾನೆ, ನಿಮ್ಮೂರ ಹಾಡಿನ ಮೇಳಕ್ಕೆ ಆ ಬುದ್ಧಿ ಇಲ್ಲ ಕಣೇ" ಅಂದಳು.

ನಮ್ಮೂರ ಚರ್ಚಿನ ಮಣ್ಣುಗೋಡೆ ದನಿಯನ್ನು ನುಂಗುತ್ತದೆ. ಅದಕ್ಕೇ ನೀವು, ನಾಳೆ ನಾವಿಲ್ಲಿ ಹಾಡಬೇಕಾದ ಆ ಹಳೆಯ ಬರೋಕ್ ಗೀತೆಯ ನಡುವಿನ ನಾಲ್ಕೆಣಿಕೆ ಮೌನವನ್ನು ಹಾಳೆ ನಕಲು ಮಾಡಿದವನ ತಪ್ಪೆಂದು ಹೊಡೆದುಹಾಕಿದಿರಿ. ತಪ್ಪಲ್ಲ ಅಪ್ಪಾ, ಅದು ಗುಮ್ಮಟ ಹಾಡುವ ಸರದಿ. ಅದಿಲ್ಲದೆ ಇಲ್ಲಿ ಸ್ವರಗಳೆಲ್ಲ ಕಲಸಿಹೋಗುತ್ತಿವೆ.

ಮಗುವಿನ ಜ್ವರ ಇಳಿದಿದೆ. ಈ ಕಾರ್ಡನ್ನು ನಾಲ್ಕರ ಬಸ್ಸಿನ ಡ್ರೈವರ್ ಕೈಲಿ ಕೊಡುತ್ತಿದ್ದೇನೆ, ರಾತ್ರಿ ನಿಮಗೆ ಸಿಗುತ್ತದೆ. ನಾಳೆ ಬೆಳಗ್ಗೆ ಏಳಕ್ಕೇ ಪೂಜೆ. ನೀವು ಕಲಿಸಿದ ಮೇಳದವರು ನೀವೇ ಹೇಳದೆ ಆ ನಾಲ್ಕೆಣಿಕೆ ಹಾಡು ನಿಲ್ಲಿಸುವುದಿಲ್ಲ. ನಮ್ಮೂರ ಚೌಕದ ಫೋನಿನಿಂದ ಬೆಳಗಾಗುವ ಮೊದಲೇ ಇಲ್ಲಿನ ಚರ್ಚಿಗೆ ಕರೆ ಮಾಡಿ ಅಪ್ಪಾ, ದಮ್ಮಯ್ಯ.

ನಿಮ್ಮ ಇಗ್ನಾಸಿಯಾ